ಅಪ್ಪನ ಕಾರಿಗೆ ಬೇರೆ ಇಂಜಿನ್: ಆರ್‌ಸಿ ತಿದ್ದಿಸಿಕೊಂಡ ನನ್ನ ಅನುಭವ

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಮಾರುತಿ 800 ಕಾರನ್ನು ಮತ್ತೆ ರಸ್ತೆಗಿಳಿಸಬೇಕೆಂದು ಹೊರಟಾಗ ಅದರ ಇಂಜಿನ್ ಕೈಕೊಟ್ಟಿತ್ತು, ತಳದ ತಗಡು ಹಲವು ಕಡೆ ತುಕ್ಕು ಹಿಡಿದು ತೂತಾಗಿತ್ತು. ಅದೇ ಮಾದರಿಯ, ಬಾಡಿ ಗಟ್ಟಿಯಾಗಿದ್ದ ಇನ್ನೊಂದು ಕಾರು ಗುಜರಿಗೆ ಹೋಗಲು ನಿಂತಿತ್ತು. ಟಿಂಕರಿಂಗ್ ಮಾಡುವವರು ಎರಡನ್ನೂ ನೋಡಿ, “ಸರ್, ನಿಮ್ಮ ಗಾಡಿಯ ಚಾಸಿ ನಂಬರ್ ಇರುವ ತಗಡನ್ನು ಕತ್ತರಿಸಿ ಆ ಗಾಡಿಗೆ ವೆಲ್ಡ್ ಮಾಡಿದರೆ ಮುಗೀತು, ಆರ್‌ಸಿ, ನಂಬರ್ ಪ್ಲೇಟ್ ಎಲ್ಲ ನಿಮ್ಮದೇ ಇರುತ್ತೆ” ಎಂದರು. ಅಪ್ಪನ ನಂಬರ್ ಉಳಿಯುತ್ತದೆ ಎಂಬ ಆಸೆಯಿಂದ ನಾನೂ ಒಂದು ದಿನ ಅದನ್ನೇ ಯೋಚಿಸಿದ್ದು ನಿಜ.

ಆದರೆ ಮೋಟಾರು ವಾಹನಗಳ ಕಾಯ್ದೆ, 1988 ಅನ್ನು ಓದಿದಾಗ ವಿಷಯ ಸ್ಪಷ್ಟವಾಯಿತು. ನೋಂದಣಿ ಸಂಖ್ಯೆಯನ್ನು ಕೊಡುವುದು ಒಂದು ನಿರ್ದಿಷ್ಟ ವಾಹನಕ್ಕೆ, ಮತ್ತು ಆ ವಾಹನ ಯಾವುದೆಂದು ಗುರುತಿಸುವುದು ತಯಾರಕರು ಕೆತ್ತಿದ ಚಾಸಿ ಮತ್ತು ಇಂಜಿನ್ ಸಂಖ್ಯೆಗಳಿಂದ. ವಾಹನದ ಮೇಲಿರುವ ಈ ಸಂಖ್ಯೆಗಳು ಆರ್‌ಸಿಯಲ್ಲಿ ನಮೂದಾದವುಗಳಿಗಿಂತ ಬೇರೆಯಾಗಿದ್ದರೆ, ಮಾಲೀಕರ ಅಹವಾಲು ಕೇಳಿ ನೋಂದಣಿಯನ್ನೇ ರದ್ದುಪಡಿಸಬೇಕೆಂದು 55(5)ನೇ ಕಲಂ ಹೇಳುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ ಸೇರಿದ 182ಎ(4) ಕಲಂ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಈ ಕಾರಿನಲ್ಲಿ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ತಳದ ಚೌಕಟ್ಟು, ಇಲ್ಲ; ಬಾಡಿಯೇ ಚಾಸಿ. ಹಾಗಾಗಿ ಬೇರೆ ಬಾಡಿಗೆ ನಮ್ಮ ಸಂಖ್ಯೆಯನ್ನು ಅಂಟಿಸುವುದೆಂದರೆ ಕದ್ದ ಕಾರುಗಳನ್ನು ಮಾರುವವರು ಮಾಡುವ ಕೆಲಸವನ್ನೇ ಮಾಡಿದಂತೆ. ಆ ಇನ್ನೊಂದು ಕಾರನ್ನೇ ಕೊಂಡು ನಮೂನೆ 29 ಮತ್ತು 30ರ ಮೂಲಕ ನನ್ನ ಹೆಸರಿಗೆ ಮಾಡಿಕೊಳ್ಳಬಹುದಿತ್ತು, ಆದರೆ ಅದು ತನ್ನದೇ ಸಂಖ್ಯೆಯಲ್ಲಿ ಓಡಬೇಕಿತ್ತು. ನನಗೆ ಬೇಕಿದ್ದದ್ದು ಅಪ್ಪನ ಕಾರು.

ಆದ್ದರಿಂದ ಬಾಡಿಯನ್ನು ಉಳಿಸಿಕೊಂಡು ಇಂಜಿನ್ನನ್ನು ಮಾತ್ರ ಬದಲಿಸಲು ನಿರ್ಧರಿಸಿದೆ. ಮೊದಲು ನಮೂನೆ 31ರಲ್ಲಿ ವಾರಸುದಾರನಾಗಿ ಕಾರನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಂಡೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿದರೆ ಮೂರು ತಿಂಗಳವರೆಗೆ ಅವರ ಹೆಸರಿನಲ್ಲೇ ವಾಹನವನ್ನು ಬಳಸಬಹುದು, ಅಷ್ಟರೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ದುಃಖದಲ್ಲಿರುವ ಮನೆಗಳಲ್ಲಿ ಈ ಗಡುವು ಕಳೆದುಹೋಗುವುದೇ ಹೆಚ್ಚು.

ನಂತರ 52ನೇ ಕಲಂ ಪ್ರಕಾರ ಇಂಜಿನ್ ಬದಲಾವಣೆಗೆ ಅನುಮತಿ ಕೋರಿದೆ. ಅದೇ ತಯಾರಕರ, ಅದೇ ಮಾದರಿಯ, ಅದೇ ಇಂಧನದ ಇಂಜಿನ್ ಎಂಬುದನ್ನು ಅರ್ಜಿಯಲ್ಲಿ ಬರೆದು, ಅದು ಎಲ್ಲಿಂದ ಬಂತೆಂಬುದಕ್ಕೆ ಮಾರಿದವರ ರಸೀದಿಯನ್ನೂ ಅದು ಮೊದಲಿದ್ದ ಕಾರಿನ ನೋಂದಣಿ ರದ್ದಾದ ಪತ್ರವನ್ನೂ ಲಗತ್ತಿಸಿದೆ. ರದ್ದತಿ ಆಗುವವರೆಗೆ ನಾನು ಹಣ ಕೊಡಲಿಲ್ಲ. ಒಂದೇ ಇಂಜಿನ್ ಸಂಖ್ಯೆ ಎರಡು ಆರ್‌ಸಿಗಳಲ್ಲಿ ಜೀವಂತವಾಗಿದ್ದರೆ ಮುಂದೆ ಅನುಭವಿಸುವವರು ಕೊಂಡವರೇ. ಇಂಜಿನ್ ಕೂರಿಸಿದ ಮೇಲೆ 14 ದಿನಗಳ ಗಡುವಿನೊಳಗೆ ಆರ್‌ಸಿಯೊಂದಿಗೆ ಕಚೇರಿಗೆ ವರದಿ ಸಲ್ಲಿಸಿದೆ.

ತಳದ ತುಕ್ಕನ್ನು ಕತ್ತರಿಸಿ ಹೊಸ ತಗಡು ಹಾಕಿಸುವಾಗ ಚಾಸಿ ಸಂಖ್ಯೆಯ ಸುತ್ತ ಒಂದು ಗೇಣು ಜಾಗವನ್ನು ಯಾರೂ ಮುಟ್ಟದಂತೆ ಟೇಪ್ ಅಂಟಿಸಿ ಬಿಟ್ಟಿದ್ದೆ. ಅಲ್ಲಿ ಗ್ರೈಂಡರ್ ಓಡಿದರೆ, ಪುಟ್ಟಿ ಬಳಿದರೆ, ಅಸಲಿ ಸಂಖ್ಯೆಯೂ ತಿದ್ದಿದಂತೆ ಕಾಣುತ್ತದೆ. ಪರಿಶೀಲನೆಯ ದಿನ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಅದನ್ನು ಒರೆಸಿ, ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೂಡಿದವು. ನಿರೀಕ್ಷಕರು ಆ ಚಾಸಿ ಪ್ರಿಂಟನ್ನು ಆರ್‌ಸಿಯ ಪಕ್ಕದಲ್ಲಿಟ್ಟು ಬೆರಳಿನಿಂದ ಒಂದೊಂದೇ ಅಂಕಿಯನ್ನು ತಾಳೆ ನೋಡಿದರು, ಬಳಿಕ ಇಂಜಿನ್ನಿನ ಸಂಖ್ಯೆಯನ್ನೂ ಹಾಗೆಯೇ ನೋಡಿದರು.

ಹೊಸ ಆರ್‌ಸಿಯಲ್ಲಿ ಇಂಜಿನ್ ಸಂಖ್ಯೆ ಬದಲಾಗಿತ್ತು, ಚಾಸಿ ಸಂಖ್ಯೆಯೂ ನೋಂದಣಿ ಸಂಖ್ಯೆಯೂ ಅಪ್ಪನ ಕಾಲದವೇ ಆಗಿದ್ದವು. ಅದರ ಪ್ರತಿಯನ್ನು ಅದೇ ದಿನ ವಿಮಾ ಕಂಪನಿಗೆ ಕಳುಹಿಸಿ ಪಾಲಿಸಿಯಲ್ಲಿಯೂ ತಿದ್ದುಪಡಿ ಮಾಡಿಸಿದೆ.