ಫ್ಲಾಶ್ ಕಾರ್ಡ್ ಕಟ್ಟಿಟ್ಟ ಮೇಲೆ ನನ್ನ ಮಗಳು ಮಾತಾಡಿದ್ದು

ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕೂರಿಸೋ, ಕಿವಿ ಕೇಳಿಸೋ ಮಿಷಿನ್ನು) ಸ್ವಿಚ್ ಆನ್ ಆಗಿ ವರ್ಷ ಕಳೆದ್ರೂ ಮಗು ಬರೀ ಹಸು, ಬಸ್ಸು, ಬಾಳೆಹಣ್ಣು ಅಂತ ಹೆಸರು ಹೇಳುತ್ತೆ, ಮುಂದಕ್ಕೆ ಹೋಗ್ತಿಲ್ಲ ಅನ್ನೋರಿಗೆ ಇದು. ಬೇರಾ (ಕಿವಿ ಟೆಸ್ಟು), ಮ್ಯಾಪಿಂಗ್ (ಮಗುಗೆ ತಕ್ಕಂಗೆ ಮಿಷಿನ್ ಹೊಂದಿಸೋದು) ಎಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ನಮ್ಮದು ತಿಪಟೂರು ಕಡೆ ಹಳ್ಳಿ. ಎರಡೂ ಕಿವಿ ಪ್ರೊಫೌಂಡ್, ಅಂದ್ರೆ ಹೆಚ್ಚುಕಮ್ಮಿ ಏನೂ ಕೇಳಿಸಲ್ಲ ಅಂತ ರಿಪೋರ್ಟ್ ಬಂದಾಗ ಮಗಳಿಗೆ ಒಂದೂವರೆ ವರ್ಷ ಇರ್ಬೇಕು. ನಮ್ಮತ್ತೆ "ನನ್ ಮಗಾನೂ ಮೂರು ವರ್ಷಕ್ಕೇ ಮಾತಾಡಿದ್ದು, ಮಗೀನ ತಲೆ ಕುಯ್ಸಬ್ಯಾಡ್ರಿ" ಅಂತ ಹಟ ಹಿಡಿದ್ರು. ಹಿಯರಿಂಗ್ ಏಡಿಗೆ ಮೂವತ್ತು ಸಾವಿರದ ಮೇಲೆ ಸುರಿದ್ವಿ, ಪಟಾಕಿ ಹೊಡೆದ್ರೆ ತಿರುಗೋಳು, ಅಷ್ಟೇ. ಅಂಗವಿಕಲರಿಗೆ ಸಾಧನ ಕೊಡೋ ಸರ್ಕಾರದ ಅಡಿಪ್ ಸ್ಕೀಮಲ್ಲಿ ಐದು ವರ್ಷದೊಳಗೆ ಆಪರೇಷನ್ ಆಗ್ಬೇಕಲ್ಲ, ಇನ್ನು ಕಾಯೋದಿಲ್ಲ ಅಂತ ನಾನೇ ಆದಾಯ ಸರ್ಟಿಫಿಕೇಟಿಗೆ ಓಡಾಡ್ದೆ. ಮಿಷಿನ್ನು ಆಪರೇಷನ್ನು ಫ್ರೀ, ಆದ್ರೂ ಮೈಸೂರಲ್ಲಿ ಮನೆ ಬಾಡಿಗೆ, ಲಸಿಕೆ, ಬಸ್ ಚಾರ್ಜು, ನಮ್ಮನೆಯವರ ಕೂಲಿ ತಪ್ಪಿದ್ದು ಎಲ್ಲ ಸೇರಿ ಎರಡು ಲಕ್ಷದ ಹತ್ರ ಹೋಯ್ತು, ಓಲೆ ಅಡ ಇಟ್ಟೆ.

ಊರಿಗೆ ಬಂದ್ಮೇಲೆ ಒಂದು ಕಡೆ ಮಾತಿನ ಥೆರಪಿಗೆ ಹಾಕಿದ್ವಿ. ಅಲ್ಲಿ ಬರೀ ಚಿತ್ರದ ಕಾರ್ಡು. ನೂರೈವತ್ತು ಹೆಸರು ಕಲಿತಳು, "ಅಜ್ಜಿಗೆ ಕೊಡು" ಅಂದ್ರೂ "ಅಜ್ಜಿ ಹತ್ರ ಇಸ್ಕೊ" ಅಂದ್ರೂ ಅಜ್ಜಿ ಮುಖ ನೋಡ್ಕೊಂಡು ನಿಲ್ಲೋಳು. ಪದದ ಬಾಲ, ಅಂದ್ರೆ ಕೊನೇಲಿ ಬರೋ "ಗೆ" ಥರದ್ದು, ಕಿವಿಗೆ ಬೀಳ್ತಿಲ್ಲ ಅಂತ ನಂಗೆ ಅನ್ನಿಸ್ತು. ಕಾರ್ಡ್ ಕಟ್ಟಿಟ್ಟು ಕೆಲಸ ಹೇಳೋಕೆ ಶುರು ಮಾಡ್ದೆ. ಬೆನ್ನ ಹಿಂದೆ ನಿಂತು, ತುಟಿ ಕಾಣ್ದಂಗೆ, "ಲೋಟ ಡಬ್ಬಿ ಮೇಲೇಏ ಇಡು", "ಡಬ್ಬಿ ಒಳಗೇಏ ಇಡು", "ಅಜ್ಜಿಗೇಏ ಕೊಡು". ಬಾಲ ಎಳೀಬೇಕು, ಕಿರುಚಬಾರ್ದು, ಹಿಡಿದ ಮೇಲೆ ಎಳೆಯೋದು ಕಮ್ಮಿ ಮಾಡ್ತಾ ಬರ್ಬೇಕು. ಥೆರಪಿಯವರು "ಇಷ್ಟುದ್ದ ಹೇಳಿದ್ರೆ ಮಗು ಕನ್ಫ್ಯೂಸ್ ಆಗುತ್ತೆ" ಅಂದ್ರು. ಐದಾರು ವಾರ ಏನೂ ಇಲ್ಲ, ಅಜ್ಜಿಗೆ ಹೋಗಬೇಕಾದ ಲೋಟ ನಾಯಿ ಹತ್ರ ಹೋಗ್ತಿತ್ತು. ಆಮೇಲೊಂದಿನ ಅವಳೇ ಅಜ್ಜಿಗೆ "ನಂಗೆ ಬೇಡ, ಅಪ್ಪಂಗೆ" ಅಂದ್ಲು. ಎರಡು ಪದಕ್ಕೂ ಬಾಲ ಸರಿಯಾಗಿತ್ತು! ಅಲ್ಲಿಂದ ಅತ್ತೆನೇ ನನಗಿಂತ ಜಾಸ್ತಿ ಕೆಲಸ ಹೇಳೋಕೆ ಶುರು ಮಾಡಿದ್ರು.

ನಡುವೆ ಇನ್ನೊಂದು ಆಟ. ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿದ್ರೆ ನೀರಿದ್ರೆ ಗುಳುಗುಳು, ಕೊಬ್ಬರಿ ಬಿಟ್ಕೊಂಡಿದ್ರೆ ಗಡಗಡ ಅನ್ನುತ್ತಲ್ಲ, ಅವರ ತಾತ ಇವಳ ಕೈಗೆ ಕೊಟ್ಟು ಬೇರೆ ಮಾಡಿಸೋರು. ಕೈಗೂ ಅಲುಗಾಟ ಗೊತ್ತಾಗುತ್ತೆ, ಬರೀ ಕಿವಿ ಅಂತ ಒಪ್ಪಲ್ಲ ಅಂತ ನಾನು ತಾತನ ಕೈಲೇ ಅಲ್ಲಾಡಿಸಿ ನೋಡ್ದೆ, ಹತ್ತರಲ್ಲಿ ಏಳೆಂಟು ಸರಿ ಹೇಳಿದ್ಲು. ಕೇಳಿಸ್ತಿದೆಯಾ ಅಂತ ನೋಡೋಕೆ ಹೇಳೋ ಆರು ಲಿಂಗ್ ಶಬ್ದಗಳಲ್ಲಿ "ಸ್" ಮಾತ್ರ ಬಹಳ ಸತಾಯಿಸ್ತು, ಮ್ಯಾಪ್ ಬದಲಾಯಿಸಿದ್ಮೇಲೆ ಅರ್ಧ ಬಂತು, ಉಳಿದರ್ಧ ನಾನು ಅಡುಗೆಮನೇಲಿ ಹೆಂಗೆ ಬರಿಸ್ದೆ ಅನ್ನೋದು ನನ್ ಹತ್ರಾನೇ ಇರ್ಲಿ, ಮನೆಗೆ ಬಂದೋರಿಗೆ ತೋರಿಸ್ತೀನಿ.

ಮಳೆಗಾಲಕ್ಕೆ ಮಿಷಿನ್ನ ಅಕ್ಕಿ ಡಬ್ಬೀಲಿ ಇಟ್ಟು ನೋಡ್ದೆ, ಮೈಕಿನ ತೂತಿಗೆ ಪುಡಿ ಸೇರ್ತು. ಸಿಲಿಕಾ ಜೆಲ್ಲೇ ಸರಿ. ರಾತ್ರಿ ಬಿಚ್ಚಿಟ್ಟ ಮೇಲೆ ಕೈಸನ್ನೇಲೇ ಮಾತಾಡ್ತೀವಿ, ಸನ್ನೆ ಮಾಡಿದ್ರೆ ಮಾತು ಬರಲ್ಲ ಅಂದೋರು ಬಹಳ ಜನ, ನಮ್ಮನೇಲಿ ಏನೂ ಅಡ್ಡ ಆಗ್ಲಿಲ್ಲ.

ಈಗ ಎರಡನೇ ಕ್ಲಾಸು, ಊರಿನ ಸರ್ಕಾರಿ ಶಾಲೆ, ಮುಂದಿನ ಬೆಂಚು. ಪ್ರೊಸೆಸರ್, ಅಂದ್ರೆ ಹೊರಗೆ ಹಾಕೋ ಮಿಷಿನ್ನು, ಅದರ ವಾರಂಟಿ ಮುಗಿದಿದೆ, ಹೊಸದಕ್ಕೆ ಲಕ್ಷಗಳ ಮಾತು, ತಿಂಗಳಿಗೆ ಎರಡು ಸಾವಿರ ಚೀಟಿ ಕಟ್ತಿದೀನಿ.