ಸ್ಟೀಮರ್ ನೀರು ಉಗುಳುತ್ತಿದೆಯೇ? ಮೊದಲು ಇಷ್ಟು ನೋಡಿ

ಬಟ್ಟೆಗೆ ಹಬೆ ಹಾಯಿಸುವ ಸ್ಟೀಮರ್ ಕೊಂಡವರಿಂದ ಹೆಚ್ಚಾಗಿ ಕೇಳಿಬರುವ ದೂರುಗಳು ಎರಡು: ಸುಕ್ಕು ಪೂರ್ತಿ ಹೋಗುವುದಿಲ್ಲ, ಬಟ್ಟೆ ಮೇಲೆ ನೀರು ಸಿಡಿಯುತ್ತದೆ. ಬಹಳಷ್ಟು ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ. ಅದನ್ನು ಇಸ್ತ್ರಿ ಪೆಟ್ಟಿಗೆಯಂತೆ ಬಳಸುತ್ತೇವೆ, ಕಾಯುವ ಮೊದಲೇ ಕೆಲಸಕ್ಕೆ ಹಚ್ಚುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದ.

ಇಸ್ತ್ರಿ ಪೆಟ್ಟಿಗೆ ತನ್ನ ಭಾರದಿಂದಲೂ ಬಟ್ಟೆಯನ್ನು ಒತ್ತುತ್ತದೆ. ಸ್ಟೀಮರ್‌ಗೆ ಆ ಭಾರವಿಲ್ಲ. ಹಬೆ ನೂಲಿನೊಳಗೆ ಹೊಕ್ಕು ನೀರಾಗುವಾಗ ತನ್ನ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಎಳೆಗಳನ್ನು ಸುಕ್ಕಾದ ಸ್ಥಿತಿಯಲ್ಲಿ ಹಿಡಿದಿಟ್ಟಿದ್ದ ಹೈಡ್ರೋಜನ್ ಬಂಧಗಳು ಆ ಬಿಸಿ ಮತ್ತು ತೇವಕ್ಕೆ ಸಡಿಲಗೊಳ್ಳುತ್ತವೆ. ಆಗ ಬಟ್ಟೆ ಹೇಗೆ ನಿಂತಿದೆಯೋ, ಆರಿದ ಮೇಲೂ ಹಾಗೆಯೇ ಉಳಿಯುತ್ತದೆ. ಹಾಗಾಗಿ ಹಬೆಯಷ್ಟೇ ಮುಖ್ಯ, ಬಟ್ಟೆಯನ್ನು ಎಳೆದು ಹಿಡಿಯುವ ನಿಮ್ಮ ಇನ್ನೊಂದು ಕೈ.

ಬಳಸುವ ಕ್ರಮ

ಮೊದಲು ಬಟ್ಟೆಯ ಲೇಬಲ್ ಓದಿ. ಕಲೆಯಿದ್ದರೆ ತೊಳೆದ ಮೇಲಷ್ಟೇ ಹಬೆ ಕೊಡಿ. ರಕ್ತ, ಮೊಟ್ಟೆಯಂಥ ಕಲೆಗಳು ಶಾಖ ತಾಗಿದರೆ ಗಟ್ಟಿಯಾಗಿ ಕೂತುಬಿಡುತ್ತವೆ.

ಟ್ಯಾಂಕಿಗೆ ಗುರುತಿನ ಗೆರೆವರೆಗೆ ಮಾತ್ರ ನೀರು ತುಂಬಿಸಿ. ಸುಗಂಧ ದ್ರವ್ಯ, ಗಂಜಿ ಯಾವುದನ್ನೂ ಬೆರೆಸಬೇಡಿ. ಪ್ಲಗ್ಗನ್ನು ಗೋಡೆಯ ಸಾಕೆಟ್‌ಗೇ ಹಾಕಿ; ಸಾಮಾನ್ಯವಾಗಿ ಸಾವಿರ ವ್ಯಾಟ್ ದಾಟುವ ಈ ಉಪಕರಣಕ್ಕೆ ತೆಳು ಎಕ್ಸ್‌ಟೆನ್ಷನ್ ವೈರ್ ತಕ್ಕದ್ದಲ್ಲ. ಸಿದ್ಧವಾಗಿದೆ ಎಂದು ದೀಪ ಸೂಚಿಸುವವರೆಗೆ ಕಾಯಿರಿ. ಆಮೇಲೂ ಮೊದಲ ಹಬೆಯನ್ನು ಬಟ್ಟೆ ಮೇಲೆ ಬಿಡದೆ ಸಿಂಕಿನ ಕಡೆ ತಿರುಗಿಸಿ ಬಿಡಿ. ಕೊಳವೆಯಲ್ಲಿ ಉಳಿದ ನೀರೆಲ್ಲ ಅಲ್ಲೇ ಹೊರಬೀಳುತ್ತದೆ.

ಶರ್ಟನ್ನು ಹ್ಯಾಂಗರ್‌ಗೆ ಹಾಕಿ ಮೇಲಿನ ಗುಂಡಿ ಹಾಕಿಬಿಡಿ. ಅಂಚನ್ನು ಒಂದು ಕೈಯಲ್ಲಿ ಕೆಳಕ್ಕೆ ಬಿಗಿಯಾಗಿ ಎಳೆದುಕೊಂಡು, ಸ್ಟೀಮರ್‌ನ ಮುಖವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಸುತ್ತಾ ಬನ್ನಿ. ಗಡಿಬಿಡಿ ಮಾಡಿದರೆ ನೂಲು ತೇವವಾಗುತ್ತದೆಯೇ ಹೊರತು ಬಿಸಿಯಾಗುವುದಿಲ್ಲ. ಗುಂಡಿ ಪಟ್ಟಿಯೇ ಎಲ್ಲಕ್ಕಿಂತ ಹಟಮಾರಿ. ಅಲ್ಲಿ ಬಟ್ಟೆ ಎರಡು ಮೂರು ಪದರ ಇರುತ್ತದೆ, ಹೊಲಿಗೆ ಅದನ್ನು ಒಳಕ್ಕೆ ಸೆಳೆದಿರುತ್ತದೆ. ಪಟ್ಟಿಯ ತುದಿಯನ್ನು ಎಳೆದು ಹಿಡಿದು ಒಳಭಾಗದಿಂದ ಒಮ್ಮೆ, ಹೊರಗಿನಿಂದ ಒಮ್ಮೆ ಹಬೆ ಕೊಟ್ಟರೆ ಹೊಲಿಗೆ ಪಕ್ಕದ ಸಣ್ಣ ಮುದುರುಗಳೂ ಬಿಡುತ್ತವೆ. ತೋಳಿಗೆ ಕಫ್ ಹಿಡಿದು ಓರೆಯಾಗಿ ಎಳೆಯಿರಿ. ಕೈ ಹಬೆಯ ದಾರಿಗೆ ಬರಬಾರದು, ಶಾಖ ತಡೆಯುವ ಗ್ಲೌಸ್ ಇದ್ದರೆ ಹಾಕಿಕೊಳ್ಳಿ. ಮೈಮೇಲೆ ತೊಟ್ಟ ಬಟ್ಟೆಗೆ ಹಬೆ ಹಾಯಿಸುವುದನ್ನಂತೂ ಎಂದೂ ಮಾಡಬೇಡಿ, ಚರ್ಮ ಕ್ಷಣದಲ್ಲಿ ಸುಡುತ್ತದೆ.

ಹತ್ತಿ, ಲಿನನ್‌ಗೆ ಮುಖ ತಾಗಿಸಿದರೂ ಆದೀತು. ರೇಷ್ಮೆಗೆ ಒಳಮೈಯಿಂದ, ತುಸು ದೂರದಿಂದ. ವೆಲ್ವೆಟ್‌ಗೂ ಹಿಂಬದಿಯಿಂದಲೇ, ಒತ್ತಿದರೆ ಅದರ ನವಿರು ಕೂದಲು ಮಲಗಿಬಿಡುತ್ತದೆ. ಉಣ್ಣೆಯ ಕೋಟಿಗೆ ಸ್ಟೀಮರ್‌ಗಿಂತ ಒಳ್ಳೆಯ ಉಪಚಾರವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಚರ್ಮ, ಸ್ವೇಡ್, ಮೇಣ ಸವರಿದ ಬಟ್ಟೆ, ಅಂಟಿನಿಂದ ಕೂರಿಸಿದ ಅಲಂಕಾರಗಳ ಹತ್ತಿರ ಅದನ್ನು ಒಯ್ಯಲೇಬೇಡಿ. ಪ್ಯಾಂಟಿಗೆ ಚೂಪಾದ ಗೆರೆ ಬೇಕೆಂದರೆ ಇಸ್ತ್ರಿ ಪೆಟ್ಟಿಗೆಯೇ ಗತಿ.

ಮುಗಿದ ಮೇಲೆ ಐದರಿಂದ ಹತ್ತು ನಿಮಿಷ ಹ್ಯಾಂಗರ್‌ನಲ್ಲೇ ಬಿಡಿ. ತೇವವಿರುವಾಗಲೇ ತೊಟ್ಟರೆ ಮೊಣಕೈ ಬಳಿ ಹೊಸ ಸುಕ್ಕು ಕೂರುತ್ತದೆ.

ಕೈಕೊಟ್ಟಾಗ

ನೀರು ಸಿಡಿಯುತ್ತಿದ್ದರೆ ನಾಲ್ಕು ವಿಷಯ ನೋಡಿ: ಬಿಸಿ ಸಾಕಾಗಿದೆಯೇ, ಟ್ಯಾಂಕ್ ಅತಿಯಾಗಿ ತುಂಬಿದೆಯೇ, ಉಪಕರಣವನ್ನು ವಿಪರೀತ ಬಾಗಿಸಿದ್ದೀರಾ, ಉದ್ದ ಕೊಳವೆಯ ಮಾದರಿಯಾದರೆ ಕೊಳವೆ ಜೋತುಬಿದ್ದಿದೆಯೇ. ಜೋತ ಜಾಗದಲ್ಲಿ ಹಬೆ ತಣಿದು ನೀರು ನಿಲ್ಲುತ್ತದೆ. ಗೊಳಗೊಳ ಸದ್ದು ಬರುವುದು ಅದರಿಂದಲೇ. ಹಿಡಿಯನ್ನು ಆಗಾಗ ನೇರ ಮೇಲಕ್ಕೆತ್ತಿ, ನೀರು ಹಿಂದಕ್ಕೆ ಇಳಿದುಹೋಗುತ್ತದೆ.

ಹಬೆಯೇ ಬರದಿದ್ದರೆ ಟ್ಯಾಂಕ್ ಕಟಕ್ಕೆಂದು ಕೂತಿದೆಯೇ ಪರೀಕ್ಷಿಸಿ. ಕೈಯಲ್ಲಿ ಹಿಡಿಯುವ ಮಾದರಿಗಳಲ್ಲಿ ಸಣ್ಣ ಪಂಪ್ ನೀರೆಳೆಯುತ್ತದೆ. ಟ್ಯಾಂಕ್ ಒಣಗಿದ್ದರೆ ಪಂಪ್‌ನಲ್ಲಿ ಗಾಳಿ ತುಂಬಿಕೊಂಡಿರುತ್ತದೆ, ನೀರು ತುಂಬಿಸಿ ಹಬೆಯ ಗುಂಡಿಯನ್ನು ಹಲವು ಸಲ ಒತ್ತಿ ಬಿಟ್ಟು ಮಾಡಿದರೆ ನೀರು ಏರುತ್ತದೆ.

ಹಬೆ ದಿನೇ ದಿನೇ ಕುಗ್ಗುತ್ತಿದ್ದರೆ, ಬಿಳಿ ಚೂರುಗಳು ಉದುರುತ್ತಿದ್ದರೆ ಅದು ಗಡಸು ನೀರಿನ ಕೆಲಸ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಒಳಗೆ ಪದರಗಟ್ಟುತ್ತದೆ. ಕೈಪಿಡಿ ಒಪ್ಪಿದರೆ ಮಾತ್ರ ಬಿಳಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ತುಂಬಿಸಿ, ಸ್ವಲ್ಪ ಹೊತ್ತು ಹಬೆ ಬಿಟ್ಟು ಆಫ್ ಮಾಡಿ, ಅರ್ಧ ಗಂಟೆ ಬಿಡಿ. ಆ ದ್ರವ ಚೆಲ್ಲಿ, ಬರೀ ನೀರು ಹಾಕಿ ವಾಸನೆ ಹೋಗುವವರೆಗೆ ಓಡಿಸಿ. ಮುಂದಕ್ಕೆ ಆರ್‌ಒ ನೀರು ಬಳಸಬಹುದು. ಡಿಸ್ಟಿಲ್ಡ್ ನೀರನ್ನು ಹಾಗೇ ಹಾಕದೆ ನಲ್ಲಿ ನೀರಿಗೆ ಬೆರೆಸಿ ಎನ್ನುವ ತಯಾರಕರೂ ಇದ್ದಾರೆ, ಇಲ್ಲೂ ಕೈಪಿಡಿಯ ಮಾತೇ ಅಂತಿಮ. ಮುಖದ ತೂತುಗಳಿಗೆ ಸೂಜಿ ಚುಚ್ಚಬೇಡಿ. ತಣಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ.

ಸುಟ್ಟ ವಾಸನೆ, ಕೈಗೆ ಬಿಸಿ ತಾಗುವ ವೈರ್, ಒಡಲಿನ ಬಿರುಕಿನಿಂದ ಸೋರುವ ನೀರು, ಮತ್ತೆ ಮತ್ತೆ ಬೀಳುವ ಎಂಸಿಬಿ (ಅಪಾಯವಾದಾಗ ಕರೆಂಟ್ ತಾನೇ ಕಡಿಯುವ ಸ್ವಿಚ್): ಇವುಗಳಲ್ಲಿ ಯಾವುದು ಕಂಡರೂ ಮುಖ್ಯ ಸ್ವಿಚ್ ಆರಿಸಿ, ಪ್ಲಗ್ ತೆಗೆದು ರಿಪೇರಿಯವರಿಗೆ ಕೊಡಿ. ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಪ್ರತಿ ಸಲ ಎತ್ತಿಡುವ ಮೊದಲು ಟ್ಯಾಂಕಿನ ನೀರು ಪೂರ್ತಿ ಚೆಲ್ಲಿ, ಮುಚ್ಚಳ ತೆರೆದೇ ಒಣಗಲು ಬಿಡಿ.