ಹೊಲ ಹಸಿ ಇದೆ, ಕಬ್ಬು ಬಾಡ್ತಿದೆ: ನೀರು ಬಿಡೋ ಮುಂಚೆ ಮಣ್ಣು ನೋಡಿ

ಮುಧೋಳ, ಜಮಖಂಡಿ ಕಡೆಯ ಎರೆಹೊಲಗಳಲ್ಲಿ ಇದನ್ನು ನೀವೂ ನೋಡಿರ್ತೀರಿ. ನೀರು ಹಾಯಿಸಿ ನಾಲ್ಕು ದಿನ ಆಗಿಲ್ಲ, ಕಾಲಿಟ್ಟರೆ ಮಣ್ಣು ಮೆತ್ತಿಕೊಳ್ಳುತ್ತದೆ, ಆದರೂ ಮಧ್ಯಾಹ್ನದ ಹೊತ್ತಿಗೆ ಕಬ್ಬಿನ ಎಲೆ ಸುರುಳಿ ಸುತ್ತಿಕೊಂಡಿರುತ್ತದೆ, ತುದಿ ಸುಟ್ಟಂತೆ ಒಣಗಿರುತ್ತದೆ. ಕೂಡಲೇ ಮೋಟರ್ ಚಾಲೂ ಮಾಡಬೇಡಿ.

ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ ಅದು ನೀರನ್ನು ಬಿಟ್ಟುಕೊಡುವುದಿಲ್ಲ, ಬೇರಿಗೆ ಎಳೆಯೋದು ಕಷ್ಟ. ನೀರು ಸಾಲದ ಬೆಳೆ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹೊಲ ಆರಿದಂತೆ ತೊಂದರೆ ಇನ್ನೂ ಹೆಚ್ಚು. ನೀರು ಅರ್ಧ ಆಯಿತು, ಉಪ್ಪು ಮಾತ್ರ ಅಷ್ಟೇ ಉಳಿಯಿತು ಅಂದರೆ ಉಳಿದ ನೀರು ದುಪ್ಪಟ್ಟು ಉಪ್ಪಾಯಿತು, ಅಲ್ವಾ? ಹಾಗಂತ ಸದಾ ನೆನೆಸಿಟ್ಟರೆ ಬೇರಿಗೆ ಗಾಳಿ ಸಿಗಲ್ಲ. ಜೊತೆಗೆ ಅಡಿಯ ನೀರು ಮೇಲೇರಿ, ಬಿಸಿಲಿಗೆ ಆರಿ, ಉಪ್ಪನ್ನು ಮೇಲೆಯೇ ಬಿಟ್ಟು ಹೋಗುತ್ತದೆ. ಸವಳು (ಉಪ್ಪು ಕಟ್ಟಿದ ಮಣ್ಣು), ಜವಳು (ನೀರು ನಿಂತ ಮಣ್ಣು), ಎರಡನ್ನೂ ಸವಳು-ಜವಳು ಅಂತ ಜೋಡಿಸಿ ಹೇಳೋದು ಸುಮ್ನೆ ಅಲ್ಲ.

ಮೊದಲು ಬೋದಿನ, ಅಂದರೆ ಸಾಲಿನ ಪಕ್ಕದ ಏರಿಯ, ನೆತ್ತಿ ನೋಡಿ. ಉಪ್ಪು ಬಂದು ಕೂರೋದು ಅಲ್ಲೇ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಸವಳು. ಆಮೇಲೆ ಒಂದಡಿ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟಿಯಂತೆ ಚಾಚಿದರೆ ತೇವ ಸಾಕಷ್ಟಿದೆ. ತೇವ ಇದ್ದೂ ಬಾಡುತ್ತಿದ್ದರೆ ಅನುಮಾನ ಉಪ್ಪಿನ ಮೇಲೆ, ಇಲ್ಲಾ ನಿಂತ ನೀರಿನ ಮೇಲೆ.

ಈಗ ಮಣ್ಣು ಪರೀಕ್ಷೆ. ಕೆಟ್ಟ ತುಂಡಿನ ಮಣ್ಣು ಬೇರೆ, ಚೆನ್ನಾಗಿರುವ ಜಾಗದ್ದು ಬೇರೆ, ಎರಡನ್ನೂ ಕಲಸಬೇಡಿ. ಗೊಬ್ಬರದ ಚೀಲದಲ್ಲಂತೂ ತುಂಬಲೇಬೇಡಿ. ನೆರಳಲ್ಲಿ ಒಣಗಿಸಿ ಅರ್ಧ ಕಿಲೋದಷ್ಟು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ವರದಿಯಲ್ಲಿ ಇಸಿ ಅಂದರೆ ಉಪ್ಪಿನ ಅಳತೆ (ಮೀಟರಿಗೆ ಡೆಸಿಸೀಮನ್ಸ್, dS/m ಲೆಕ್ಕದಲ್ಲಿ). ಈರುಳ್ಳಿಗೆ 1.2, ಕಬ್ಬಿಗೆ 1.7 ದಾಟಿದರೆ ಇಳುವರಿ ಇಳಿಯತೊಡಗುತ್ತದೆ, ಹತ್ತಿ 7.7ರವರೆಗೂ ತಡೆಯುತ್ತದೆ. ಆದರೆ ಇವು ಕೆಸರಿನಂತೆ ಕಲಸಿದ ಮಣ್ಣಿನಿಂದ ಹೀರಿ ತೆಗೆದ ನೀರಿನ ಅಂಕಿಗಳು. ಲ್ಯಾಬಿನವರು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದಿದ್ದರೆ ಅಂಕಿ ಕಡಿಮೆ ಬರುತ್ತದೆ, ಅದನ್ನು ನೋಡಿ ನಿಶ್ಚಿಂತರಾಗಬೇಡಿ. ಯಾವ ವಿಧಾನ ಅಂತ ಕೇಳಿ ತಿಳ್ಕೊಳ್ಳಿ.

ವರದಿ ಇಲ್ಲದೆ ಜಿಪ್ಸಮ್ ಚೆಲ್ಲೋರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಜಿಪ್ಸಮ್ ಕೆಲಸ ಮಾಡೋದು ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ, ಸಾಮಾನ್ಯವಾಗಿ ಪಿಎಚ್ 8.5 ದಾಟಿದಲ್ಲಿ. ಬರೀ ಉಪ್ಪಿದ್ದರೆ ಅದನ್ನು ಸಿಹಿನೀರಿನಿಂದ ತೊಳೆದು ಹೊರಗೆ ಕಳಿಸಬೇಕು, ಬೇರೆ ಮದ್ದಿಲ್ಲ. ಹೊರದಾರಿ ಇಲ್ಲದೆ ತೊಳೆದರೆ ಉಪ್ಪು ಕೆಳಗಿಳಿದು ಮತ್ತೆ ಮೇಲೇರುತ್ತದೆ. ಅದಕ್ಕೇ ಬಸಿಗಾಲುವೆ ಮೊದಲು, ನೀರು ಆಮೇಲೆ. ನಂತರ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚ ಬಿತ್ತಿ ಹೂವಾಡುವಾಗ ಮಣ್ಣಿಗೆ ಸೇರಿಸಿ. ಮುಂದೆ ನೀರನ್ನು ತೆಳ್ಳಗೆ, ಬೇಗ ಬೇಗ ಕೊಡಿ, ಹನಿ ನೀರಾವರಿ ಇದ್ದರೆ ಇನ್ನೂ ಒಳ್ಳೆಯದು.

ಬಸಿಗಾಲುವೆ ತೋಡುವ ಮುಂಚೆ ಕೆಳಗಿನ ಹೊಲದವರ ಜೊತೆ ಕೂತು ಮಾತಾಡಿ. ನಿಮ್ಮ ಉಪ್ಪುನೀರು ಇಳಿಯೋದು ಅವರ ಒಡ್ಡಿನ ಕಡೆಗೇ.